ಬಾವಿಯ ತಳದವರ ಮಾತು

ಬಹಳ ಹಿಂದೆ, ನಿಮ್ಮ ಅಜ್ಜಿಯ ಅಜ್ಜಿಗೂ ಹಾಲುಹಲ್ಲು ಬರುವ ಮುಂಚೆ, ಗಗ್ಗರಪುರ ಎಂಬ ಒಂದು ರಾಜ್ಯವಿತ್ತು. ಗುಡ್ಡದ ಮೇಲೆ ಊರು, ಊರ ಮೇಲೆ ಕೋಟೆ, ಕೋಟೆಯ ಮೇಲೆ ಅರಮನೆ, ಅರಮನೆಯೊಳಗೆ ಏಳು ಮೆಟ್ಟಿಲ ಮೇಲೆ ಸಿಂಹಾಸನ, ಸಿಂಹಾಸನದ ಮೇಲೆ ಸೋವರಸನೆಂಬ ರಾಜ.

ನೋಡಿ, ಒಂದು ಉಸಿರಿನಲ್ಲಿ ಒಂದೇ ಪದವನ್ನು ಐದು ಸಲ ಆಡಿದೆ. ನೀವು ಗಮನಿಸಲಿಲ್ಲ. ಗಗ್ಗರಪುರದವರೂ ಗಮನಿಸಿರಲಿಲ್ಲ. ಅವರು ಉಂಡ ಮೇಲೆ ಎಲೆಯಡಿಕೆ ಹಾಕುತ್ತಿದ್ದರು, ಮಕ್ಕಳ ಮೇಲೆ ಜೀವ ಇಟ್ಟುಕೊಂಡಿದ್ದರು, ಗಂಡಂದಿರ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದರು, ಕೆಲಸ ಕೆಟ್ಟರೆ ದೇವರ ಮೇಲೆ ಭಾರ ಹಾಕುತ್ತಿದ್ದರು. ‘ಇನ್ನು ಮೇಲೆ ಸುಳ್ಳು ಹೇಳಲ್ಲ, ನಿನ್ನ ತಲೆ ಮೇಲೆ ಆಣೆ’ ಎನ್ನುತ್ತಿದ್ದರು, ಅದೂ ಸುಳ್ಳೇ. ಇಷ್ಟೆಲ್ಲ ಕೆಲಸ ಮಾಡಿಕೊಟ್ಟ ಆ ಪದಕ್ಕೆ ಒಬ್ಬರೂ ಒಂದು ದಿನ ಕೈಮುಗಿದವರಲ್ಲ. ಅದರ ಬೆಲೆ ಗೊತ್ತಿದ್ದದ್ದು ಬಾವಿ ಸೇದುವವರ ಒಂದೇ ಒಂದು ಮನೆಗೆ.

ಇಡೀ ಕೋಟೆಗೆ ಒಂದೇ ಬಾವಿ. ಅರವತ್ತು ಆಳು ಆಳ. ಅದನ್ನು ಸೇದುತ್ತಿದ್ದವರು ಹಾಲಪ್ಪ ಮತ್ತು ಅವನ ಮಗಳು ದ್ಯಾಮಿ. ದ್ಯಾಮಿಗೆ ತಾಯಿ ಇರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ, ಹಗ್ಗ ಹಿಡಿದು ಹಿಡಿದು ಅಂಗೈ ಹಲಗೆಯಾಗಿತ್ತು. ವರ್ಷಕ್ಕೊಮ್ಮೆ ಬಾವಿಯ ಹೂಳು ತೆಗೆಯಬೇಕು. ಆಗ ಒಬ್ಬರು ತಳಕ್ಕೆ ಇಳಿಯುತ್ತಿದ್ದರು, ಒಬ್ಬರು ದಡದಲ್ಲಿ ಹಗ್ಗ ಹಿಡಿಯುತ್ತಿದ್ದರು. ಒಂದು ವರ್ಷ ಅಪ್ಪ ಇಳಿದರೆ ಮುಂದಿನ ವರ್ಷ ಮಗಳು.

ಆ ಕೆಲಸಕ್ಕೊಂದು ಕಟ್ಟುನಿಟ್ಟು. ತಳದವರು ಬುಟ್ಟಿ ತುಂಬಿ, ಗಂಟು ಬಿಗಿದು, ತಮ್ಮ ಕೈಕಾಲು ಎಲ್ಲಿದೆ ನೋಡಿಕೊಂಡು ‘ಮೇಲೆ’ ಎಂದು ಕೂಗಬೇಕು. ಆಗಷ್ಟೇ ದಡದವರು ಎಳೆಯಬೇಕು. ದಡದವರು ಪ್ರಾಣ ಹೋದರೂ ಆ ಪದ ಆಡುವಂತಿಲ್ಲ. ಹಿಂದೆ ಯಾರೋ ಆತುರಗಾರ ತಾನೇ ಕೂಗಿ ತಾನೇ ಎಳೆದ. ತಳದವನ ಕೈ ಇನ್ನೂ ಗಂಟಿನೊಳಗಿತ್ತು. ಅಂದಿನಿಂದ ಈ ನೇಮ.

‘ಅದು ಬಾವಿಯ ತಳದವರ ಮಾತು ಮಗಳೇ,’ ಎನ್ನುತ್ತಿದ್ದ ಹಾಲಪ್ಪ. ‘ದಡದಲ್ಲಿ ನಿಂತೋರಿಗೆ ಅದರ ಹಕ್ಕಿಲ್ಲ. ಅವರಿಗಿರೋದು ಹಗ್ಗ ಮಾತ್ರ.’

ಸೋವರಸ ಕೆಟ್ಟವನಲ್ಲ. ಮಹಾದಾನಿ ಎನ್ನಿಸಿಕೊಳ್ಳುವ ಚಪಲ, ಅಷ್ಟೇ. ಪಟ್ಟಕ್ಕೆ ಬಂದ ದಿನ ಪ್ರತಿವರ್ಷ ಆಸ್ಥಾನಕ್ಕೆ ಮೊದಲು ಬಂದವರು ಏನು ಕೇಳಿದರೂ ಧಾರೆಯೆರೆದು ಕೊಡುವುದು ಅವನ ಪದ್ಧತಿ. ಆ ವರ್ಷ ಮೊದಲು ಬಂದವನು ಗವ್ವರನೆಂಬ ಮಾಂತ್ರಿಕ. ಸೊಂಟದೆತ್ತರದ ಮನುಷ್ಯ, ನೆಲ ಗುಡಿಸುವ ಗಡ್ಡ, ಕಂಕುಳಲ್ಲಿ ಒಂದು ಖಾಲಿ ಗಡಿಗೆ.

‘ಮಹಾಸ್ವಾಮಿ, ನನಗೆ ಹೊನ್ನು ಬೇಡ, ಹೊಲ ಬೇಡ. ಒಂದು ಪದ ಕೊಡಿ ಸಾಕು.’

ಸಭೆ ನಕ್ಕಿತು. ರಾಜನೂ ನಕ್ಕ. ‘ಪದಕ್ಕೇನು ಬರ ನಮ್ಮಲ್ಲಿ? ಆಸ್ಥಾನ ಕವಿಗಳ ಬಾಯಿ ಮುಚ್ಚಿಸುವುದೇ ಕಷ್ಟವಾಗಿದೆ. ಯಾವ ಪದ ಬೇಕು?’

‘ಮೇಲೆ.’

‘ಕೊಟ್ಟೆ’ ಎಂದು ರಾಜ ಏಳು ಮೆಟ್ಟಿಲ ಮೇಲಿಂದಲೇ ಗಿಂಡಿಯ ನೀರು ಬಿಟ್ಟ. ಗವ್ವರ ಗಡಿಗೆಯ ಮುಚ್ಚಳ ತೆರೆದು, ಮುಚ್ಚಿ, ಬಟ್ಟೆ ಬಿಗಿದು, ಹಿಂದೆ ನೋಡದೆ ಗುಡ್ಡ ಇಳಿದು ಹೋದ.

ಇಲ್ಲಿಂದ ಮುಂದೆ ನಾನೂ ಆ ಪದ ಆಡುವುದಿಲ್ಲ. ಒಂದು ಊರು ಕಳೆದುಕೊಂಡದ್ದನ್ನು ಬಾಯಲ್ಲಿಟ್ಟುಕೊಂಡು ಆ ಊರಿನ ಕತೆ ಹೇಳುವುದು ಮರ್ಯಾದೆಯಲ್ಲ. ಆಡಿದರೆ ಕಿವಿ ಹಿಂಡಿ.

ಪದ ಹೋಯಿತು, ಪದದ ಜೊತೆಗೆ ಅದು ಮಾಡುತ್ತಿದ್ದ ಕೆಲಸವೂ ಹೋಯಿತು. ಒಲೆಯ ಹೊಗೆ ಮಾಡಿಗೆ ಹೋಗದೆ ನೆಲದಲ್ಲೇ ಬೆಕ್ಕಿನ ಹಾಗೆ ಓಡಾಡಿತು. ದೋಸೆ ಹಿಟ್ಟು ಉಬ್ಬಲಿಲ್ಲ. ಹಾಲು ಉಕ್ಕಲಿಲ್ಲ, ಇದೊಂದೇ ಹೆಂಗಸರಿಗೆ ಆದ ಲಾಭ. ಕೈತೊಳೆಯಲು ಏಳು ಮೆಟ್ಟಿಲು ಇಳಿದ ರಾಜ ಮತ್ತೆ ಸಿಂಹಾಸನಕ್ಕೆ ಹತ್ತಲಾರದೆ ಕಂಬಕ್ಕೆ ಒರಗಿಕೊಂಡು ರಾಜ್ಯಭಾರ ಮಾಡಿದ. ಹಾಗಾದರೆ ಅನ್ನವನ್ನು ಬಾಯಿಗೆ ಹೇಗೆ ಎತ್ತಿದರು ಎಂದು ಕೇಳಬೇಡಿ. ಬಾಯನ್ನೇ ತಟ್ಟೆಗೆ ತಂದರು. ಕೂತವರು ಹೇಗೆ ಎದ್ದರು ಎಂದೂ ಕೇಳಬೇಡಿ. ಗೋಡೆ ಹಿಡಿದು, ನರಳಿ, ಹೇಗೋ ಎದ್ದರು. ನೀರೆಲ್ಲಿತ್ತು ಎಂದೂ ಕೇಳಬೇಡಿ, ಹೂಳೆತ್ತುವ ಮುಂಚೆ ತುಂಬಿಟ್ಟ ಹಂಡೆಗಳಲ್ಲಿತ್ತು. ಕತೆಗೆ ಕಾಲು ಹುಡುಕಬಾರದು.

ಹೆಂಡತಿಯೊಬ್ಬಳು ಗಂಡನಿಗೆ ‘ನನಗೆ ಸಿಟ್ಟು ಬಂದಿದೆ, ನಿಮ್ಮ…’ ಎಂದು ಅಲ್ಲೇ ನಿಂತಳು. ಸಿಟ್ಟಿಗೆ ಹೋಗಿ ಕೂರಲು ಜಾಗವಿಲ್ಲ. ಪ್ರೀತಿಗೂ ಇಲ್ಲ. ಯಾರೂ ಯಾರಿಗೂ ಮಾತು ಕೊಡಲಾರದೆ ಹೋದರು. ಪಂಡಿತರು ಪೆಟ್ಟಿಗೆ ತೆರೆದು ‘ನಂತರ’, ‘ತರುವಾಯ’, ‘ಬಳಿಕ’ ಎಂಬ ಪದಗಳನ್ನು ಹೊರತಂದು ಕೆಲಸಕ್ಕೆ ಹಚ್ಚಿದರು. ಎತ್ತಿನ ನೊಗಕ್ಕೆ ಕರು ಕಟ್ಟಿದಂತಾಯಿತು. ಅವು ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಮಲಗಿದವು.

ಇವೆಲ್ಲ ಸಹಿಸಬಹುದಾದ ಕಷ್ಟ. ಸಹಿಸಲಾಗದ ಕಷ್ಟ ಬಾವಿಯಲ್ಲಿತ್ತು. ರಾಜ ಧಾರೆಯೆರೆದ ಆ ಗಳಿಗೆಯಲ್ಲಿ ಹಾಲಪ್ಪ ಅರವತ್ತು ಆಳು ಕೆಳಗೆ ಹೂಳು ಬಳಿಯುತ್ತಿದ್ದ.

ದ್ಯಾಮಿ ಹಗ್ಗ ಎಳೆದಳು. ಬರಲಿಲ್ಲ. ಎಂಟು ಜನ ಎಳೆದರು, ನಾಲ್ಕು ಜೊತೆ ಎತ್ತು ಎಳೆದವು. ಹಗ್ಗ ಒಂದು ಗೇಣೂ ಅಲುಗಲಿಲ್ಲ. ಅವಳು ಬಾವಿಗೆ ಬಗ್ಗಿ ಕೂಗಿದರೆ ಕೂಗು ಕೆಳಗೆ ಹೋಗುತ್ತಿತ್ತು, ಅಪ್ಪನ ಉತ್ತರ ಬರುತ್ತಿರಲಿಲ್ಲ. ಮಾತೂ ಹತ್ತಿ ಬರಬೇಕಲ್ಲ. ಆದರೆ ಅವನು ಹಗ್ಗವನ್ನು ತನ್ನ ಕಡೆಗೆ ಎಳೆಯಬಹುದಾಗಿತ್ತು. ‘ಹೌದು ಅಂದ್ರೆ ಒಂದು ಸಲ ಎಳಿ ಅಪ್ಪ, ಇಲ್ಲ ಅಂದ್ರೆ ಎರಡು ಸಲ. ಪೆಟ್ಟಾಗಿದೆಯಾ?’ ಎಂದು ಕೇಳಿದಳು. ಹಗ್ಗ ಎರಡು ಸಲ ಜಗ್ಗಿತು. ದ್ಯಾಮಿ ಕಟ್ಟೆಗೆ ಹಣೆ ಹಚ್ಚಿ ಅತ್ತಳು.

ಪಕ್ಕದ ಮನೆಯ ಸಂಕವ್ವ ರೊಟ್ಟಿ ತಟ್ಟಿ ಕೊಟ್ಟಳು. ಬಾಯಿ ಜೋರು, ಕೈ ಅದಕ್ಕಿಂತ ದೊಡ್ಡದು ಆ ಹೆಂಗಸಿನದು. ಊಟವನ್ನು ಕುಡಿಕೆಯಲ್ಲಿಟ್ಟು ತೆಳು ದಾರದಲ್ಲಿ ಇಳಿಸಿ ದಾರವನ್ನೂ ಬಿಟ್ಟುಬಿಡಬೇಕು, ಹೋದದ್ದು ವಾಪಸು ಬರುವಂತಿಲ್ಲ. ಹೀಗೆ ಸಂಕವ್ವನ ಮನೆಯ ಕುಡಿಕೆಗಳೆಲ್ಲ ಒಂದೊಂದಾಗಿ ಬಾವಿ ಸೇರಿದವು. ಒಂಬತ್ತು ದಿನ ಕಳೆಯಿತು.

ಒಂಬತ್ತನೆಯ ದಿನ ದ್ಯಾಮಿ ಆಸ್ಥಾನಕ್ಕೆ ಹೋದಳು. ‘ಆ ಪದ ವಾಪಸು ತರಿಸಿ ಸ್ವಾಮಿ’ ಎಂದಳು.

‘ಯಾರನ್ನು ಕಳಿಸಲಿ?’ ಎಂದ ರಾಜ. ಅವನ ಮುಖ ಬಾಡಿತ್ತು. ‘ಗುಡ್ಡ ಇಳಿದವರು ಮರಳಿ ಹತ್ತಲಾರರು. ಒಬ್ಬರೂ ಒಪ್ಪುತ್ತಿಲ್ಲ.’

ಮಂತ್ರಿ ತಲೆಯಾಡಿಸಿದ. ‘ಈಗ ಉಪಾಯ ಹುಡುಕುವುದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.’

‘ಬಾವಿ ತೋಡಿ ಆಗಿದೆ ಬುದ್ಧಿ. ಅದರೊಳಗೆ ನಮ್ಮಪ್ಪ ಇದ್ದಾನೆ’ ಎಂದಳು ದ್ಯಾಮಿ.

ಅವಳು ಬಾವಿಗೆ ಬಂದು ಬಗ್ಗಿದಳು. ‘ಅಪ್ಪ, ನಾನೇ ಮಾಂತ್ರಿಕನ ಹತ್ರ ಹೋಗ್ತೀನಿ. ಪದ ಸಿಗದಿದ್ರೆ ವಾಪಸು ಬರೋಕಾಗಲ್ಲ. ಬೇಡ ಅಂದ್ರೆ ಎರಡು ಸಲ ಎಳಿ.’ ಬಹಳ ಹೊತ್ತು ಏನೂ ಇಲ್ಲ. ಹಗ್ಗ ಒಂದು ಸಲ ಜಗ್ಗಿತು. ಅವಳು ಎರಡನೆಯದಕ್ಕೆ ಕಾದಳು. ಅದು ಬರಲಿಲ್ಲ. ಸಂಕವ್ವ ಅವಳ ಹೆಗಲಿಗೆ ನೀರಿನ ಸೋರೆಬುರುಡೆ ನೇತುಹಾಕಿ, ‘ಹೋಗ್ಬಾ. ನಿಮ್ಮಪ್ಪನ ಹೊಟ್ಟೆಗೆ ನಾನಿದ್ದೀನಿ, ಕುಡಿಕೆ ಮುಗಿದ್ರೆ ಹಂಡೇನೇ ಇಳಿಸ್ತೀನಿ’ ಎಂದಳು.

ದ್ಯಾಮಿ ಗುಡ್ಡ ಇಳಿದಳು. ಇಳಿಯುವುದೇನು, ಸಲೀಸು. ಒಂದೊಂದು ಹೆಜ್ಜೆಗೂ ಮನೆ ದೂರವಾಯಿತು ಎಂಬುದೇ ಎದೆಯ ಭಾರ.

ಎರಡನೆಯ ದಿನ ದಾರಿ ಒಂದು ಕಡಿದಾದ ಕೋಡುಗಲ್ಲಿನ ತುದಿಗೆ ಬಂದು ನಿಂತಿತು. ಅಲ್ಲಿ ಕಣದಗಲದ ರೆಕ್ಕೆಯ ಒಂದು ಹದ್ದು ಕೂತಿತ್ತು.

‘ನಾನು ಹಕ್ಕಿಗಳ ರಾಜ,’ ಎಂದಿತು ಹದ್ದು. ‘ಎಷ್ಟೋ ದಿನದಿಂದ ಕೋಳಿಯ ಹಾಗೆ ನೆಲ ಕೆರೆಯುತ್ತಿದ್ದೇನೆ. ಬಾನಿಗೆ ಹೋಗುವ ದಾರಿ ತೋರಿಸು, ಇಲ್ಲವೇ ನನ್ನ ಊಟವಾಗು.’

‘ಬಾನಿನ ದಾರಿ ನಂಗೂ ಗೊತ್ತಿಲ್ಲ. ಆದ್ರೆ ನಿಮಗೆ ಇಳಿಯೋಕೆ ಬರತ್ತಲ್ಲ? ಕೆಳಗಿನ ಬಯಲಲ್ಲಿ ಹೆಗ್ಗಣ ಹೊಟ್ಟೆತುಂಬ ಸಿಗತ್ತೆ. ಜೊತೆಗೇ ಹೋಗೋಣ.’

‘ಇಳಿಯುವುದು ರಾಜರಿಗೆ ಅವಮಾನ.’

‘ನಮ್ಮಪ್ಪ ಇಳಿದ್ರೇನೇ ನಮ್ಮ ರಾಜರ ಬಾಯಿಗೆ ನೀರು’ ಎಂದಳು ದ್ಯಾಮಿ. ‘ಅವಮಾನ ಅಂತ ಅವನು ಯಾವತ್ತೂ ಅಂದಿಲ್ಲ.’

ಹದ್ದು ಕೊಕ್ಕು ಮಸೆದುಕೊಂಡು ಯೋಚಿಸಿತು. ಹಸಿದ ಹೊಟ್ಟೆ ಅವಮಾನಕ್ಕಿಂತ ದೊಡ್ಡದು. ಕೊನೆಗೆ ರೆಕ್ಕೆ ಬಿಡಿಸಿತು. ದ್ಯಾಮಿ ಅದರ ಕುತ್ತಿಗೆ ತಬ್ಬಿ ಬೆನ್ನಿಗೆ ಅಂಟಿಕೊಂಡಳು. ಇಬ್ಬರೂ ಕೋಡುಗಲ್ಲಿನಿಂದ ತೇಲುತ್ತ ಬಯಲಿಗೆ ಇಳಿದರು. ಅವಳು ಕೈಮುಗಿದಳು, ಹದ್ದು ಹೆಗ್ಗಣದ ಹಿಂದೆ ಓಡಿತು.

ನಾಲ್ಕನೆಯ ದಿನ ಕಾಡು. ಕಾಡಿಗೆ ಒಂದೇ ದಾರಿ, ದಾರಿಯ ತುಂಬ ಒಂದೇ ಕರಡಿ. ಅದು ಗೆಣಸು ತಿನ್ನುತ್ತಿತ್ತು, ಗೆಣಸಿನ ಬಳ್ಳಿ ತಿನ್ನುತ್ತಿತ್ತು, ಮಣ್ಣು ತಿನ್ನುತ್ತಿತ್ತು, ತಿನ್ನುತ್ತ ಗೊಳೋ ಎಂದು ಅಳುತ್ತಿತ್ತು.

‘ಯಾಕಪ್ಪ ಅಳ್ತೀಯ?’ ಎಂದಳು ದ್ಯಾಮಿ.

‘ಹೊಟ್ಟೆ ತುಂಬಿ ಬಹಳ ದಿನವಾಯಿತು ತಾಯಿ. ಉಂಡು ಏನೋ ಮಾಡುತ್ತಿದ್ದೆ, ಮಲಗುತ್ತಿದ್ದೆನೋ, ಮನೆಗೆ ಹೋಗುತ್ತಿದ್ದೆನೋ. ಅದು ಏನೆಂದು ಈಗ ಹೊಳೆಯುತ್ತಿಲ್ಲ. ಊಟದ ಆಚೆಗೆ ಏನೂ ಇಲ್ಲ. ಈಗ ನೀನು ಸಿಕ್ಕಿದೆ, ನಿನ್ನನ್ನೂ ತಿನ್ನಬೇಕಾಗುತ್ತದೆ. ತಪ್ಪು ತಿಳಿಯಬೇಡ.’

ಎಂಜಲು ಬಾಯಿಯ ಆ ಪ್ರಾಣಿಯನ್ನು ನೋಡಿ ದ್ಯಾಮಿಗೆ ಸಂಕವ್ವನ ಪಡಸಾಲೆ ನೆನಪಾಯಿತು. ಅಲ್ಲಿ ಉಂಡವರು ‘ಸಾಕು’ ಎಂದರೆ ಸಂಕವ್ವ ಕೇಳುತ್ತಲೇ ಇರಲಿಲ್ಲ, ಬಡಿಸುತ್ತಲೇ ಇರುತ್ತಿದ್ದಳು. ಕೈಗೆ ನೀರು ಬಿದ್ದರೆ ಮಾತ್ರ ಬಿಡುಗಡೆ.

‘ಬಲಗೈ ಚಾಚು’ ಎಂದಳು. ಕರಡಿ ಚಾಚಿತು. ಅವಳು ಬುರುಡೆಯ ನೀರನ್ನು ಆ ಪಂಜಕ್ಕೆ ಸುರಿದು, ಬೆರಳು ಬೆರಳು ಉಜ್ಜಿ, ತನ್ನ ಸೆರಗಿನಲ್ಲೇ ಒರೆಸಿದಳು. ‘ನಮ್ಮೂರಲ್ಲಿ ಕೈ ತೊಳೆದೋರು ಮತ್ತೆ ಎಲೆಗೆ ಕೈ ಹಾಕಲ್ಲ.’

ಕರಡಿ ತೊಳೆದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿತು. ಕಾಡೇ ನಡುಗುವಂಥ ಒಂದು ತೇಗು ಬಂತು. ‘ಪುಣ್ಯಾತ್ಗಿತ್ತಿ’ ಎಂದು ಪಕ್ಕಕ್ಕೆ ಉರುಳಿ ಗೊರಕೆ ಹೊಡೆಯಿತು.

ಏಳನೆಯ ದಿನ ಒಣಗಿದ ಹೊಳೆ. ಆಚೆ ದಡದಲ್ಲಿ ಗವ್ವರನ ಮನೆ, ಈಚೆ ದಡದಲ್ಲಿ ಕೆಂಡದ ಹೋರಿ. ಮೈಯೆಲ್ಲ ನಿಗಿನಿಗಿ ಕೆಂಡ. ಅದು ಮರಕ್ಕೆ ಗುದ್ದಿತು, ಬಂಡೆಗೆ ಗುದ್ದಿತು, ಗಾಳಿಗೂ ಗುದ್ದಿತು. ಅದಕ್ಕೆ ಸಿಟ್ಟು ಬಂದಿತ್ತು, ಆ ಸಿಟ್ಟು ಯಾರಿಗೆ ಸೇರಬೇಕೆಂದು ಹೇಳಲು ಬರುತ್ತಿರಲಿಲ್ಲ.

ದ್ಯಾಮಿಗೂ ಅದೇ ಕಾಯಿಲೆ. ಅವಳು ದೂರದಲ್ಲಿ ಕೂತು, ‘ನಂಗೂ ಹಾಗೇ ಆಗಿದೆ ಬಸವಣ್ಣ. ಬಾಯಲ್ಲಿ ಹೇಳೋಕೆ ಬರ್ತಿಲ್ಲ. ಬೆರಳಲ್ಲಿ ತೋರಿಸ್ತೀನಿ ನೋಡು’ ಎಂದಳು. ಬೆರಳಿಗೆ ಪದ ಬೇಡವಲ್ಲ. ಮೊದಲು ಗಗ್ಗರಪುರದ ಕಡೆ ಬೆರಳು ಮಾಡಿದಳು, ಅದು ರಾಜನಿಗೆ. ಆಮೇಲಿನದು ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ, ನನ್ನ ಕಿವಿ ಹಿಂಡಿ. ಎರಡನೆಯದು ಗವ್ವರನ ಮನೆಯ ಕಡೆಗೆ. ಆದರೂ ಎದೆ ಹಗುರಾಗಲಿಲ್ಲ. ಮೂರನೆಯ ಸಲ ಬೆರಳು ತಾನಾಗಿಯೇ ಅವಳ ಎದೆಗೆ ತಿರುಗಿತು.

‘ಈ ವರ್ಷ ಇಳಿಯೋ ಸರದಿ ನಂದು,’ ಎಂದಳು ಅವಳು. ಅದನ್ನು ಅಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ‘ದಡದಲ್ಲಿ ನಿಂತು ಪಟ್ಟದ ದಿನದ ಅರಮನೆ ಮೆರವಣಿಗೆ ನೋಡೋ ಆಸೆಗೆ ತಲೆನೋವು ಅಂತ ಸುಳ್ಳು ಹೇಳಿದೆ. ಅಪ್ಪ ನನ್ನ ಬದಲು ಇಳಿದ.’ ಹೇಳಿ ಬಿಕ್ಕಿ ಬಿಕ್ಕಿ ಅತ್ತಳು.

ಹೋರಿ ಗುದ್ದುವುದನ್ನು ನಿಲ್ಲಿಸಿ ಅವಳನ್ನೇ ನೋಡಿತು. ಅದೂ ಗೊರಸಿನಿಂದ ನಿಧಾನವಾಗಿ ತನ್ನ ಎದೆಯನ್ನೇ ತಟ್ಟಿಕೊಂಡಿತು. ಗವ್ವರನನ್ನು ಹೊತ್ತು ಹೊಳೆ ದಾಟಿಸಿ ಗಗ್ಗರಪುರದ ದಾರಿಗೆ ಬಿಟ್ಟದ್ದು ಅದೇ. ಇಬ್ಬರೂ ಸಂಜೆಯವರೆಗೆ ಅಕ್ಕಪಕ್ಕ ಕೂತಿದ್ದರು. ಕೆಂಡ ಒಂದೊಂದಾಗಿ ಬೂದಿಯಾಯಿತು, ಬೂದಿಯೊಳಗೆ ಒಂದು ಸಾಧಾರಣ ಬಿಳಿ ಹೋರಿ ಇತ್ತು. ಅದು ಅವಳಿಗೆ ದಾರಿ ಬಿಟ್ಟಿತು.

ಗವ್ವರನ ಮನೆಯ ತುಂಬ ಗಡಿಗೆಗಳು. ಒಂದರಲ್ಲಿ ಯಾವುದೋ ರಾಜ್ಯದ ‘ನಾಳೆ’, ಇನ್ನೊಂದರಲ್ಲಿ ಇನ್ಯಾವುದೋ ರಾಜ್ಯದ ‘ಬಾ’. ಆ ಗಡಿಗೆಗಳ ರಾಶಿಯ ತುದಿಯಲ್ಲಿ ಗವ್ವರ ಕೂತಿದ್ದ, ಮಡಿಲಲ್ಲಿ ಗಗ್ಗರಪುರದ ಗಡಿಗೆ. ಗಂಟಲು ಒಡೆದು ಹೋಗಿತ್ತು ಅವನಿಗೆ.

‘ಹಗಲೂ ರಾತ್ರಿ ಈ ಪದ ಹೇಳುತ್ತಿದ್ದೇನೆ,’ ಎಂದ. ‘ನನ್ನನ್ನು ಒಂದು ಗೇಣೂ ಏರಿಸಲಿಲ್ಲ. ನಿಮ್ಮ ರಾಜ ಕೊಳೆತ ಪದ ಕೊಟ್ಟಿದ್ದಾನೆ.’

‘ಪದ ಕೊಳೆತಿಲ್ಲ. ಅದನ್ನು ಕೊಡೋಕೆ ರಾಜರಿಗೆ ಹಕ್ಕಿರಲಿಲ್ಲ. ಅವರು ಏಳು ಮೆಟ್ಟಿಲಿನ ತುದೀಲಿ ನಿಂತಿದ್ರು. ಅದು ಬಾವಿಯ ತಳದವರ ಮಾತು’ ಎಂದು ದ್ಯಾಮಿ ತಮ್ಮ ಕಸುಬಿನ ನೇಮವನ್ನೆಲ್ಲ ಹೇಳಿದಳು.

ಗವ್ವರ ಕಹಿಯಾಗಿ ನಕ್ಕ. ‘ನೇಮ. ನಾನು ಐದು ವರ್ಷದವನಿದ್ದಾಗ ಈ ಹಿತ್ತಿಲ ಪಾಳುಬಾವಿಗೆ ಬಿದ್ದೆ. ತಳದಲ್ಲಿ ನಿಂತು ಇದೇ ಪದವನ್ನು ಮೂರು ದಿನ ಕೂಗಿದೆ. ದಡದಲ್ಲಿ ಜನ ಓಡಾಡುತ್ತಿದ್ದರು, ಕಾಲಸಪ್ಪಳ ಕೇಳುತ್ತಿತ್ತು. ಒಬ್ಬರೂ ಹಗ್ಗ ಬಿಡಲಿಲ್ಲ. ಉಗುರಿನಲ್ಲಿ ಗೋಡೆ ಕೆರೆದು ಹತ್ತಿ ಬಂದೆ. ನನಗೆ ಒದಗದ ಪದ ಯಾರಿಗೂ ಒದಗಬಾರದು ಎಂದು ಅಂದೇ ತೀರ್ಮಾನಿಸಿದೆ.’

ಅವನನ್ನು ಬೈಯಲೆಂದು ದ್ಯಾಮಿ ಏಳು ದಿನ ಕೂಡಿಟ್ಟ ಮಾತುಗಳೆಲ್ಲ ಬಾಯಲ್ಲೇ ಕರಗಿದವು. ‘ಅದು ಪದದ ತಪ್ಪಲ್ಲ ಯಜಮಾನರೇ, ದಡದೋರ ತಪ್ಪು’ ಎಂದಳು. ‘ಪದ ಕೆಲಸ ಮಾಡೋದು ತೋರಿಸ್ತೀನಿ. ನನ್ನನ್ನು ಅದೇ ಬಾವಿಗೆ ಇಳಿಸಿ. ಗಡಿಗೆ ನನ್ನ ಸೊಂಟಕ್ಕೆ ಕಟ್ಟಿ. ಹಗ್ಗ ನೀವು ಹಿಡೀರಿ. ಕೆಲಸ ಮಾಡಿದ್ರೆ ಗಡಿಗೆ ನಮ್ಮೂರಿಗೆ.’

‘ಗಡಿಗೆ ಹಿಡಿದು ಓಡಿಹೋದರೆ?’

‘ಬಾವಿಯ ತಳದಿಂದ ಎಲ್ಲಿಗೆ ಓಡಲಿ?’

ಗವ್ವರ ಗಡ್ಡ ನೀವಿಕೊಂಡ. ಹಗ್ಗ ಬಿಟ್ಟುಬಿಟ್ಟರೆ ಇವಳೂ ಮೂರು ದಿನ ಕೂಗಲಿ, ಗೊತ್ತಾಗಲಿ ಎಂದುಕೊಂಡು ಅವಳನ್ನು ಇಳಿಸಿದ.

ತಳದಲ್ಲಿ ಕತ್ತಲು. ಕಲ್ಲಿನ ಗೋಡೆಗೆ ಪುಟ್ಟ ಉಗುರುಗಳ ಗೀರು ಇನ್ನೂ ಇದ್ದವು, ದ್ಯಾಮಿಯ ಕೈಗೆ ತಾಗಿದವು. ಅವಳು ಗಂಟು ಬಿಗಿದಳು, ಕೈಕಾಲು ನೋಡಿಕೊಂಡಳು, ಗಡಿಗೆಯ ಮುಚ್ಚಳ ತೆರೆದಳು. ಪದ ಅವಳ ನಾಲಿಗೆಗೆ ಬಂದು ಕೂತಿತು. ಅವಳು ಅದನ್ನು ಆಡಿದಳು. (ನಾನಿನ್ನೂ ಆಡುವುದಿಲ್ಲ, ಅದಿನ್ನೂ ಊರು ಸೇರಿಲ್ಲ.)

ದಡದಲ್ಲಿ ಗವ್ವರ ಹಗ್ಗ ಬಿಡಲೆಂದು ಬೆರಳು ಸಡಿಲಿಸಿದ್ದ. ಆ ಕೂಗು ಬಂದು ಅವನ ಕಿವಿಗೆ ಬಿತ್ತು. ಅವನ ಇಡೀ ಬದುಕಿನಲ್ಲಿ ಯಾರೂ ಅವನನ್ನು ನಂಬಿ ಏನನ್ನೂ ಕೂಗಿರಲಿಲ್ಲ. ಅವನ ಕೈ ಅವನ ಮಾತು ಕೇಳಲಿಲ್ಲ. ಹಗ್ಗವನ್ನು ಬಿಗಿಯಾಗಿ ಹಿಡಿಯಿತು, ಎಳೆಯಿತು, ಮತ್ತೆ ಎಳೆಯಿತು. ಅಂಗೈ ಸುಲಿದು ರಕ್ತ ಬಂದರೂ ಬಿಡಲಿಲ್ಲ. ದ್ಯಾಮಿಯ ತಲೆ ಕಾಣಿಸಿತು, ಭುಜ ಕಾಣಿಸಿತು. ಅವಳು ಕಟ್ಟೆ ಹಿಡಿದು ಹೊರಬಂದು, ಮೊದಲ ಕೆಲಸವೆಂದು ಅವನ ಸುಲಿದ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು.

‘ಬದುಕಿಸಿದ್ರಿ ಯಜಮಾನರೇ. ನಿಮ್ಮ ಉಪಕಾರ ಮರೆಯಲ್ಲ.’

‘ಇಷ್ಟೇನಾ?’ ಎಂದ ಗವ್ವರ. ಅವನ ಗಡ್ಡ ಒದ್ದೆಯಾಗಿತ್ತು. ‘ಇಷ್ಟು ಮಾಡಿದ್ದರೆ ಸಾಕಾಗಿತ್ತಾ ಅವರು?’

‘ಇಷ್ಟೇ.’

ಅವನು ಮನೆಯೊಳಗೆ ಹೋಗಿ ಗಡಿಗೆಗಳನ್ನೆಲ್ಲ ಒಂದೊಂದಾಗಿ ತೆರೆದ. ‘ನಾಳೆ’ ಹಾರಿಹೋಯಿತು, ‘ಬಾ’ ಹಾರಿಹೋಯಿತು, ನೂರಾರು ಪದಗಳು ತಮ್ಮ ತಮ್ಮ ಊರಿಗೆ ಹೋದವು. ಅಲ್ಲಿಗೆ ಅವನ ಮಂತ್ರಶಕ್ತಿಯೂ ಮುಗಿಯಿತು. ಗಗ್ಗರಪುರದ ಗಡಿಗೆಯನ್ನು ಮಾತ್ರ ಅವನೇ ತಲೆಗಿಟ್ಟುಕೊಂಡ. ಧಾರೆಯೆರೆದು ಕೊಟ್ಟದ್ದು ತಾನಾಗಿ ಹಾರಲಾರದು, ಹೊತ್ತೇ ಮುಟ್ಟಿಸಬೇಕು. ಗಡಿಗೆ ಜೊತೆಗಿದ್ದ ಕಾರಣ ಅವರಿಗೆ ಏರುದಾರಿ ತೆರೆಯಿತು. ಎಂಟು ದಿನ ನಡೆದು ಇಪ್ಪತ್ತನಾಲ್ಕನೆಯ ದಿನ ಮಧ್ಯಾಹ್ನ ಕೋಟೆ ಸೇರಿದರು.

ಬಾವಿಕಟ್ಟೆಯ ಹತ್ತಿರ ಊರೇ ನೆರೆದಿತ್ತು. ಸಂಕವ್ವ ಓಡಿಬಂದು ದ್ಯಾಮಿಯನ್ನು ತಬ್ಬಿಕೊಂಡಳು, ಆದರೆ ಮುಖ ಕೊಡಲಿಲ್ಲ. ‘ಎರಡು ದಿನದಿಂದ ಹಗ್ಗ ಜಗ್ಗಿಲ್ಲ ಮಗಾ,’ ಎಂದಳು. ‘ಎಷ್ಟು ಕೂಗಿದ್ರೂ ಇಲ್ಲ.’

ದ್ಯಾಮಿ ಗಡಿಗೆಗೆ ದಾರ ಕಟ್ಟಿದಳು, ಊಟ ಇಳಿಸಿದಂತೆಯೇ ನಿಧಾನವಾಗಿ ಇಳಿಸಿದಳು. ಅದು ತಳ ಮುಟ್ಟಿದ್ದು ಬೆರಳಿಗೆ ತಿಳಿಯಿತು. ಸ್ವಲ್ಪ ಹೊತ್ತಿಗೆ ಒಡೆದ ಸದ್ದು. ಯಾರಾದರೂ ಒಡೆದರೋ, ಕಲ್ಲಿಗೆ ತಾಗಿ ತಾನೇ ಒಡೆಯಿತೋ ಅವಳಿಗೆ ಗೊತ್ತಾಗಲಿಲ್ಲ.

ಆಗ ಬಾವಿಯೊಳಗಿನಿಂದ ಹಾಲಪ್ಪನ ದನಿ ಬಂತು.

‘ನೀನು ಇಳಿಯದೆ ಇದ್ದದ್ದು ಎಂಥ ಪುಣ್ಯ ಮಗಳೇ. ಆ ದೇವರು ದೊಡ್ಡೋನು. ನಾನಾದ್ರೆ ಮುದುಕ, ಹೇಗೋ ಇರ್ತೀನಿ.’

‘ಅಪ್ಪ’ ಎಂದು ದ್ಯಾಮಿ ಕಟ್ಟೆಗೆ ಬಿದ್ದಳು. ಆದರೆ ಅದು ಇಂದಿನ ಮಾತಲ್ಲ. ಅದು ಮೊದಲ ದಿನದ ಮಾತು, ಹತ್ತಿ ಬರಲಾರದೆ ಇಷ್ಟು ದಿನ ತಳದಲ್ಲೇ ಕಾದಿತ್ತು. ಅದರ ಹಿಂದೆ ಎರಡನೆಯ ದಿನದ್ದು ಬಂತು. ‘ಸಂಕವ್ವನ ರೊಟ್ಟಿಗೆ ಉಪ್ಪು ಕಮ್ಮಿ, ಹೇಳಬೇಡ ಪಾಪ.’ ಮೂರನೆಯ ದಿನದ್ದು, ‘ನೀನು ಉಂಡೆಯಾ?’ ನಾಲ್ಕನೆಯ ದಿನದ್ದು, ‘ಊರ ದನಗಳು ನೀರಿಗೇನು ಮಾಡ್ತಿವೆ? ನೀನು ಉಂಡೆಯಾ?’ ಒಂಬತ್ತನೆಯ ದಿನದ್ದು ಬಂದಾಗ ಜನ ಉಸಿರು ಹಿಡಿದರು. ‘ಹೋಗ್ಬಾ ನನ್ನವ್ವ. ಎರಡನೇ ಸಲ ಎಳೀಬೇಕು ಅಂತ ಕೈ ಹೋಯ್ತು, ಹಿಡಕೊಂಡೆ.’ ಅವಳಿಲ್ಲದ ದಿನಗಳಲ್ಲೂ ಅವನು ಅವಳ ಜೊತೆಗೇ ಮಾತಾಡಿದ್ದ. ‘ಇವತ್ತು ಎಲ್ಲಿ ತಲುಪಿದೆಯೋ. ಉಂಡೆಯಾ?’ ದ್ಯಾಮಿ ಬೆರಳು ಮಡಚಿ ದಿನ ಎಣಿಸುತ್ತಿದ್ದಳು. ಇಪ್ಪತ್ತಾಯಿತು, ಇಪ್ಪತ್ತೊಂದಾಯಿತು. ಇಪ್ಪತ್ತೆರಡನೆಯ ದಿನದ ದನಿ ಸಣ್ಣಗಿತ್ತು. ‘ಸಂಕವ್ವಾ, ಹಗ್ಗ ಕಟ್ಟೆಗೆ ಉಜ್ಜಿ ಉಜ್ಜಿ ಸವೆದಿದೆ. ಇನ್ನು ಎಳೆಯಲ್ಲ. ಮಗಳು ಬಂದಾಗ ಬೇಕಾಗತ್ತೆ, ಉಳಿಸಿದೀನಿ. ಹೆದರಬೇಡಿ.’

ಅಲ್ಲಿಗೆ ದನಿ ನಿಂತಿತು. ಇಪ್ಪತ್ಮೂರನೆಯ ದಿನದ್ದು ಬರಲಿಲ್ಲ. ಗವ್ವರ ಸುಲಿದ ಅಂಗೈಯಲ್ಲೇ ಹಗ್ಗ ಹಿಡಿದು ನಿಂತಿದ್ದ, ಅವನ ಹಿಂದೆ ಸೋವರಸ, ಕಿರೀಟ ಕಳಚಿಟ್ಟು ತಾನೂ ಹಗ್ಗ ಹಿಡಿದಿದ್ದ. ಯಾರೂ ಎಳೆಯುವಂತಿಲ್ಲ. ತಳದಿಂದ ಮಾತು ಬರಬೇಕು.

ಬಂತು.

‘ಮೇಲೆ.’

ಎಳೆದರು, ಸವೆದ ಹಗ್ಗವೆಂದು ಮಗುವನ್ನು ಎತ್ತುವ ಹಾಗೆ ಎಳೆದರು. ಇಪ್ಪತ್ತನಾಲ್ಕು ದಿನ ತಡೆದು ನಿಂತಿದ್ದ ಒರತೆಯ ನೀರೂ ಜೊತೆಗೇ ಮೇಲೆ ಬಂತು, ಹಾಲಪ್ಪನನ್ನು ಕೆಳಗಿನಿಂದ ಹೊತ್ತು ತಂದಿತು, ಹಗ್ಗಕ್ಕೆ ಭಾರವೇ ಬೀಳಲಿಲ್ಲ. ಅವನ ಸುತ್ತ ಸಂಕವ್ವನ ಕುಡಿಕೆಗಳೆಲ್ಲ ತೇಲುತ್ತ ಬಂದವು. ಒಲೆಗಳ ಹೊಗೆ ಮೇಲೆ ಹೋಯಿತು, ಯಾರ ಮನೆಯಲ್ಲೋ ಹಾಲು ಉಕ್ಕಿ ಚೊಂಯ್ ಎಂದಿತು. ಬಿಳಿಚಿದ ಮುಖದ ಹಾಲಪ್ಪ ಕಟ್ಟೆಯ ಮೇಲೆ ಕೂತು ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಮಗಳನ್ನು ಹುಡುಕಿದ. ‘ಇವತ್ತು, ನಿನ್ನೆ ನನಗೆ ಮಾತಾಡೋಕೆ ತ್ರಾಣ ಇರಲಿಲ್ಲ ಕಣವ್ವ. ಒಂದು ಮಾತಿಗಾಗೋಷ್ಟು ಉಸಿರು ಉಳಿಸಿಕೊಂಡಿದ್ದೆ’ ಎಂದ.

ರಾಜ ಅವನ ಕಾಲ ಬಳಿ ನೆಲದಲ್ಲಿ ಕೂತು, ‘ನನ್ನದಲ್ಲದ್ದನ್ನು ದಾನ ಮಾಡಿದೆ ಹಾಲಪ್ಪ, ಕ್ಷಮಿಸು’ ಎಂದ. ಇನ್ನು ಮೇಲೆ ವರ್ಷಕ್ಕೊಂದು ದಿನ ಬಾವಿಗೆ ತಾನೂ ಇಳಿಯುವುದಾಗಿ ಮಾತು ಕೊಟ್ಟ. ಈ ಮಾತು ಸುಳ್ಳಾಗಲಿಲ್ಲ. ಗವ್ವರ ಊರಲ್ಲೇ ಉಳಿದು ಹಗ್ಗ ಹಿಡಿಯುವ ಕೆಲಸಕ್ಕೆ ಸೇರಿದ. ತಳದಿಂದ ಕೂಗು ಬಂದರೆ ಅವನಷ್ಟು ಬೇಗ ಓಡಿ ಬರುವವರು ಆ ರಾಜ್ಯದಲ್ಲೇ ಇರಲಿಲ್ಲ. ಸಂಕವ್ವ ಮಾತ್ರ ಉಪ್ಪಿನ ವಿಷಯಕ್ಕೆ ಹಾಲಪ್ಪನ ಮೇಲೆ ಮೂರು ದಿನ ಸಿಟ್ಟಾಗಿದ್ದಳು. ಸಿಟ್ಟಾಗಲು ಸಾಧ್ಯವಾಯಿತಲ್ಲ ಎಂದು ನಾಲ್ಕನೆಯ ದಿನ ಅವಳೇ ಪಾಯಸ ಮಾಡಿದಳು. ಗಗ್ಗರಪುರದವರೆಲ್ಲ ಸುಖವಾಗಿ ಬಾಳಿದರು, ಆ ಪುಟ್ಟ ಪದವನ್ನು ಆಡುವಾಗಲೆಲ್ಲ ಒಳಗೊಳಗೇ ಕೈಮುಗಿದರು. ಅವರ ಬಾವಿ ಅಲ್ಲಿ ತುಂಬಿರಲಿ, ನಮ್ಮ ಕೊಡ ಇಲ್ಲಿ ತುಂಬಿರಲಿ.

ದ್ಯಾಮಿಯದೊಂದು ಹೇಳಬೇಕು. ಆ ಸಂಜೆ ಅವಳು ಅಪ್ಪನಿಗೆ ಬಿಸಿ ಗಂಜಿ ಕುಡಿಸಿ, ಕೈ ತೊಳೆಸಿ, ಪಕ್ಕದಲ್ಲಿ ಕೂತಳು. ಮೆರವಣಿಗೆಯ ಸುಳ್ಳನ್ನು ಮೊದಲು ಹೇಳಿದಳು. ‘ಗೊತ್ತಿತ್ತು ಬಿಡು’ ಎಂದ ಹಾಲಪ್ಪ. ಅದಾದ ಮೇಲೆ ಅವಳು ಬಾವಿಯಿಂದ ಬಂದ ಮಾತುಗಳನ್ನೆಲ್ಲ ಮೊದಲ ದಿನದಿಂದ ನೆನಪು ಮಾಡಿಕೊಂಡು, ಒಂದನ್ನೂ ಬಿಡದೆ, ಒಂದೊಂದಕ್ಕೂ ಉತ್ತರ ಹೇಳಿದಳು. ‘ಉಂಡೆ ಅಪ್ಪ. ಅವತ್ತೂ ಉಂಡೆ. ಅವತ್ತು ಉಂಡಿರಲಿಲ್ಲ, ಮಾರನೇ ದಿನ ಉಂಡೆ.’ ಹಾಲಪ್ಪ ಕಣ್ಣು ಮುಚ್ಚಿಕೊಂಡು ಒಂದೊಂದಕ್ಕೂ ‘ಹ್ಞೂಂ’ ಎನ್ನುತ್ತ ಕೇಳಿದ.